ಉಪಚಾರ ಕಲಿತ ಅರವಟ್ಟಿಗೆ

“ಬ್ಯಾಡವಾ, ಈಗಷ್ಟ ಮನ್ಯಾಗ ಕುಡದು ಬಂದೇನಿ,” ಎಂದು ಛತ್ರಿ ಹಿಡಿದ ಗೃಹಸ್ಥರೊಬ್ಬರು ಕಾಲು ಬೀಸಿ ನಡೆದರು.

“ಹಂಗಂದ್ರ ಹೆಂಗ್ರೀ ಅಣ್ಣಾರ? ಬಿಸಲು ನೋಡ್ರಿ ಹೆಂಗೈತಿ! ಅರ್ಧ ಲೋಟ ಆದ್ರೂ ತಗೋರಿ.”

ಹಿಂದಿನಿಂದ ಬಂದ ಈ ಹೆಣ್ಣುದನಿಯಲ್ಲಿ ಅಕ್ಕರೆಯೂ ಇತ್ತು, ಅಪ್ಪಣೆಯೂ ಇತ್ತು. ಗೃಹಸ್ಥರು ತಿರುಗಿ ನೋಡಿದರು. ಮೂರು ಗಾಲಿಗಳ ಮೇಲೆ ಕುಳಿತ ತಾಮ್ರದ ಹಂಡೆಯೊಂದು ನೀಳವಾದ ಕೈಯಲ್ಲಿ ತುಂಬಿದ ಲೋಟವನ್ನು ಹಿಡಿದು ಅವರ ಬೆನ್ನು ಹತ್ತಿತ್ತು. “ಬ್ಯಾಡಂದ್ನಲ್ಲ,” ಎಂದರು. “ನೀವು ಹಿಂಗಂದ್ರ ನಮಗ ಸಮಾಧಾನ ಆಗೂದಿಲ್ರಿ,” ಎಂದಿತು ಹಂಡೆ. ಕೊನೆಗೆ ಗೃಹಸ್ಥರು ಛತ್ರಿಯನ್ನು ಕಂಕುಳಿಗೆ ಸಿಕ್ಕಿಸಿ, ಲೋಟವನ್ನು ಎತ್ತಿ ಗಟಗಟನೆ ಕುಡಿದು, ಮೀಸೆ ಒರೆಸಿಕೊಂಡು, “ಭಾಳ ಛಲೋ ಆತು ನೋಡವಾ,” ಎಂದರು. ಅವರಿಗೆ ನಿಜವಾಗಿಯೂ ನೀರಡಿಸಿತ್ತು.

ಬಾಗಲಕೋಟೆಯ ಬಸ್ ನಿಲ್ದಾಣದ ಎದುರಿನ ಬೇವಿನ ನೆರಳಿನಲ್ಲಿ ನಿಂತು ಇದನ್ನು ನೋಡುತ್ತಿದ್ದ ಸಂಗನಬಸಪ್ಪ ಮಾಸ್ತರರ ಮುಖ ಅರಳಿತು. ಪಕ್ಕದಲ್ಲಿದ್ದ ತಮ್ಮ ಹಳೆಯ ಶಿಷ್ಯೆ, ಯಂತ್ರವಿಜ್ಞಾನಿ ಅಕ್ಷತಾ ಬೀಳಗಿಗೆ, “ನೋಡಿದೇನವಾ? ಇದಕ್ಕ ಉಪಚಾರ ಅಂತಾರ,” ಎಂದರು.

ಆ ಕಾಲಕ್ಕೆ ಬೇಸಿಗೆಯ ಬಿಸಿಲು ಎಷ್ಟು ಉಗ್ರವಾಗಿತ್ತೆಂದರೆ, ಸಂತೆಗೆಂದು ಹೊರಟವರು ದಾರಿಯಲ್ಲಿಯೇ ತಲೆ ಸುತ್ತಿ ಕುಸಿಯುವುದು ದಿನನಿತ್ಯದ ಸುದ್ದಿಯಾಗಿತ್ತು. ಹಿಂದಿನವರು ಚಪ್ಪರ ಹಾಕಿ, ಮಣ್ಣಿನ ಗಡಿಗೆಗಳನ್ನಿಟ್ಟು ಅರವಟ್ಟಿಗೆ ನಡೆಸುತ್ತಿದ್ದರು. ಬಾಯಾರಿದವನು ಅಲ್ಲಿಗೆ ಹೋಗಬೇಕಿತ್ತು. ಅರವಟ್ಟಿಗೆಯೇ ಬಾಯಾರಿದವನ ಬಳಿಗೆ ಹೋದರೆ ಹೇಗೆ ಎಂದು ಯೋಚಿಸಿದವಳು ಅಕ್ಷತಾ. ಅವಳು ನಿರ್ಮಿಸಿದ ಚರ ಅರವಟ್ಟಿಗೆಯ ನೆತ್ತಿಯ ಮೇಲೆ ದಾಹಮಾಪಕವೆಂಬ ಒಂದು ಕಣ್ಣಿತ್ತು. ಎದುರಿಗೆ ಬಂದವರ ತುಟಿಯ ಒಣಗು, ಕೆನ್ನೆಯ ಕಾವು, ನಡಿಗೆಯ ತೂರಾಟ, ಮಾತಿನ ತೊದಲು, ಇವನ್ನೆಲ್ಲ ದೂರದಿಂದಲೇ ಗಮನಿಸಿ ಅದು ದಾಹದ ಪ್ರಮಾಣವನ್ನು ನಿರ್ಣಯಿಸುತ್ತಿತ್ತು. ಮನುಷ್ಯನ ಹೊರಗನ್ನು ಅದು ಬಲ್ಲದು. ಒಳಗೆ ಹರಿಯುವ ನೆತ್ತರಿನಲ್ಲಿ ಏನು ನಡೆದಿದೆಯೆಂಬುದನ್ನು ಅರಿಯದು.

ಆದರೆ ಹಿಂದಿನ ವರ್ಷ, ಮೊದಲ ಬೇಸಿಗೆಯಲ್ಲಿ, ಯಂತ್ರ ಸೋತುಹೋಗಿತ್ತು. ಯಂತ್ರದಲ್ಲಿ ದೋಷವಿರಲಿಲ್ಲ. ಅದು ವಿನಯದಿಂದ “ನೀರು ಬೇಕೆ?” ಎಂದು ಕೇಳುತ್ತಿತ್ತು, ಜನರು ಅದಕ್ಕಿಂತ ಹೆಚ್ಚಿನ ವಿನಯದಿಂದ “ಬ್ಯಾಡ್ರಿ” ಎನ್ನುತ್ತಿದ್ದರು, ಯಂತ್ರ “ಸರಿ” ಎಂದು ಹೊರಟುಹೋಗುತ್ತಿತ್ತು, ಅವರು ನಾಲ್ಕು ಹೆಜ್ಜೆ ನಡೆದು ಬೀಳುತ್ತಿದ್ದರು. ಕೇಳಿದ ಕೂಡಲೇ “ಬೇಕು” ಎಂದು ಕೈಚಾಚುವಷ್ಟು ನಾಚಿಕೆಗೆಟ್ಟವರು ಆ ಊರಿನಲ್ಲಿ ಹುಟ್ಟಿಯೇ ಇರಲಿಲ್ಲ.

ಹೀಗೆ ಸೋತ ಅಕ್ಷತಾ ನೇರವಾಗಿ ಬಂದದ್ದು ಮಾಸ್ತರರ ಮನೆಗೆ. ಕನ್ನಡ ಪಾಠದ ಜೊತೆಗೆ ಮೂರು ತಲೆಮಾರಿಗೆ ನಡೆನುಡಿಯನ್ನೂ ಕಲಿಸಿದವರು ಅವರು. ಯಾರ ಮನೆಯಲ್ಲಿ ಏನು ಕೊಟ್ಟರೂ ನಿರಾಕರಿಸಿ ಎದ್ದು ಬಂದವರಲ್ಲ, ಏನನ್ನೂ ಬಾಯಿಬಿಟ್ಟು ಕೇಳಿದವರೂ ಅಲ್ಲ. ಆ ಎರಡೂ ವ್ರತಗಳ ಬಗ್ಗೆ ಅವರಿಗೆ ಸಮಾನವಾದ ಅಭಿಮಾನವಿತ್ತು.

“ನಿನ್ನ ಯಂತ್ರಕ್ಕ ವಿದ್ಯಾ ಐತಿ, ಸಂಸ್ಕಾರ ಇಲ್ಲ,” ಎಂದು ಅವರು ತೀರ್ಪು ಕೊಟ್ಟರು. “ಮೊದಲನೇ ‘ಬ್ಯಾಡ’ ಮರ್ಯಾದಿದು. ಎರಡನೇದು, ಇವರು ಖರೇನ ಕೊಡತಾರೋ ಬಾಯಿಮಾತಿಗೆ ಅಂತಾರೋ ಅಂತ ಪರೀಕ್ಷಾ ಮಾಡೂದು. ಮೂರನೇದು ಬರೇ ರೂಢಿ.”

“ನಾಕನೇದು, ಸರ್?”

“ನಾಕನೇದು ಬರೂದ್ರಾಗ ಲೋಟ ಅವರ ಕೈಯಾಗ ಇರಬೇಕು.”

“ಲೋಟದ ಮ್ಯಾಲ ಕೈ ಅಡ್ಡ ಹಿಡದ್ರ?”

“ಬೆರಳಿನ ನಡುವ ಸಂದಿ ಇರತಾವಲ್ಲವಾ!”

ಅಕ್ಷತಾ ನಗುನಗುತ್ತಲೇ ಎಲ್ಲವನ್ನೂ ಯಂತ್ರದ ಮೆದುಳಿಗೆ ಇಳಿಸಿ, ಅದಕ್ಕೆ ಉಪಚಾರಸೂತ್ರವೆಂದು ಹೆಸರಿಟ್ಟಳು. “ಒಬ್ಬರಿಗೆ ಎಷ್ಟು ಲೋಟ ಕೊಟ್ಟಿವಿ ಅಂತ ಲೆಕ್ಕ ಇಡಲೇನು ಸರ್?” ಎಂದು ಕೇಳಿದಾಗ ಮಾತ್ರ ಮಾಸ್ತರರಿಗೆ ಸಿಟ್ಟು ಬಂತು.

“ಛೀ! ಉಣ್ಣೋರ ರೊಟ್ಟಿ ಎಣಿಸೋ ಮನಿಗೆ ಯಾರರ ಮತ್ತ ಹೋದಾರೇನು? ಎಣಿಸಬಾರದು.”

“ಆತು, ಎಣಿಸೂದಿಲ್ಲ ಬಿಡ್ರಿ.”

“ಆದ್ರ, ಭಾಳ ಕುಡದು ಯಾರಿಗರ ತ್ರಾಸ ಆದ್ರ ಹೆಂಗ?” ಎಂದು ಮಾಸ್ತರರೇ ಕ್ಷಣಕಾಲ ಅನುಮಾನಿಸಿದರು.

“ನೀರು ಸರ್ ಅದು, ವಿಷ ಅಲ್ಲ. ಹೆಚ್ಚಾದದ್ದು ತನ್ನ ಹಾದಿ ತಾನ ಹಿಡೀತೈತಿ,” ಎಂದಳು ವಿಜ್ಞಾನಿ.

ಅಷ್ಟರಲ್ಲಿ ಮಾಸ್ತರರ ಪತ್ನಿ ಗಿರಿಜಮ್ಮ ಚಹಾದ ಬಟ್ಟಲುಗಳೊಂದಿಗೆ ಒಳಗಿನಿಂದ ಬಂದರು. ಅಕ್ಷತಾ ಬೇಡವೆಂದಳು. “ತಗೋ ತಂಗಿ,” ಎಂದರು ಗಿರಿಜಮ್ಮ. ಅಷ್ಟೇ. ಬಟ್ಟಲು ಯಾವಾಗ ತನ್ನ ಕೈಗೆ ಬಂತೆಂಬುದು ಅಕ್ಷತಾಗೆ ತಿಳಿಯಲೇ ಇಲ್ಲ. ಯಂತ್ರಕ್ಕೆ ಬೇಕಾದ ದನಿ ಇದೇ ಎಂದು ಅವಳು ಆಗಲೇ ನಿಶ್ಚಯಿಸಿ, ಅದನ್ನು ಕೊಡಬೇಕೆಂದು ಕೇಳಿಕೊಂಡಳು.

“ನನ್ನ ದನಿ ಕೇಳಿ ಊರೆಲ್ಲ ಕುಡೀಬಹುದವಾ,” ಎಂದರು ಗಿರಿಜಮ್ಮ, ಗಂಡನ ಕಡೆಗೆ ಓರೆನೋಟ ಬೀರುತ್ತ. “ನಮ್ಮನಿಯವರು ಮಾತ್ರ ಜಲ್ಮದಾಗ ಒಮ್ಮೆ ‘ಬೇಕು’ ಅಂದವರಲ್ಲ. ನಾ ಮಾಡಿದ್ದು ಇವರಿಗೆ ಸೇರತೈತೋ, ಸುಮ್ಮ ನುಂಗತಾರೋ, ಆ ಶಿವನ ಬಲ್ಲ.”

ಮಾಸ್ತರರು ಚಹಾ ಕುಡಿಯುತ್ತ ಕಿಟಕಿಯಾಚೆ ನೋಡಿದರು.

ಎರಡನೆಯ ಬೇಸಿಗೆಯಲ್ಲಿ ಚರ ಅರವಟ್ಟಿಗೆಗಳು ಊರನ್ನೇ ಗೆದ್ದವು. ಬಿಸಿಲಿಗೆ ಬೀಳುವವರು ಇಲ್ಲವಾದರು. ಜನ ಅವುಗಳನ್ನು ‘ಹಂಡೆವ್ವ’ ಎಂದು ಕರೆಯತೊಡಗಿದರು. ಕೃತಜ್ಞರಾದ ನಾಗರಿಕರು ಮಾಸ್ತರರಿಗೆ ಸಾರ್ವಜನಿಕ ಗ್ರಂಥಾಲಯದಲ್ಲಿ ಸನ್ಮಾನವನ್ನೇರ್ಪಡಿಸಿ, ಅತಿಥಿಸತ್ಕಾರದ ಮೇಲೆ ಉಪನ್ಯಾಸ ಮಾಡಬೇಕೆಂದು ಬೇಡಿಕೊಂಡರು. ಆ ಸಂಭ್ರಮಕ್ಕೆ ತನ್ನದೊಂದು ಕಾಣಿಕೆಯಿರಲೆಂದು ಅಕ್ಷತಾ ಗುಟ್ಟಾಗಿ ಎಲ್ಲ ಯಂತ್ರಗಳಿಗೂ ಮಾಸ್ತರರ ಮುಖಪರಿಚಯ ಮಾಡಿಸಿ, ‘ಇವರು ನಮ್ಮ ಗುರುಗಳು, ವಿಶೇಷವಾಗಿ ನೋಡಿಕೊಳ್ಳಬೇಕು’ ಎಂಬ ಸೂಚನೆಯನ್ನು ಸೇರಿಸಿದಳು.

ಸನ್ಮಾನದ ದಿನ ಮಾಸ್ತರರು ಜರಿಯಂಚಿನ ರುಮಾಲು ಸುತ್ತಿಕೊಂಡು, ಬೆಳಗಿನ ಬಿಸಿಲಿನಲ್ಲಿ ಮನೆಯಿಂದ ಹೊರಬಿದ್ದರು. ಓಣಿಯ ತಿರುವಿನಲ್ಲಿಯೇ ಮೊದಲ ಹಂಡೆವ್ವ ಎದುರಾಯಿತು.

“ಗುರುಗಳ ಬರ್ರಿ ಬರ್ರಿ! ನೀರು ತಗೋರಿ.”

ಮಾಸ್ತರರು ಸಂಪ್ರದಾಯದಂತೆ ಮೂರು ಸಲ ಬೇಡವೆಂದು, ಸಂಪ್ರದಾಯದಂತೆ ಕುಡಿದರು. “ಇನ್ನೊಂದು ಲೋಟ,” ಎಂದಿತು ಹಂಡೆವ್ವ. ಗುರುಗಳಿಗೆ ವಿಶೇಷವಲ್ಲವೆ? ಅದನ್ನೂ ಕುಡಿದರು. ಬಟ್ಟೆ ಅಂಗಡಿಯ ಮುಂದೆ ಮತ್ತೊಂದು, ಅಂಚೆ ಕಚೇರಿಯ ಕಟ್ಟೆಯ ಬಳಿ ಇನ್ನೊಂದು. ಲೆಕ್ಕವಿಡುವುದು ಅಸಭ್ಯತೆಯೆಂದು ಗುರುಗಳೇ ಕಲಿಸಿದ್ದರಿಂದ, ಪ್ರತಿಯೊಂದು ಯಂತ್ರವೂ ಅವರನ್ನು ಈಗಷ್ಟೇ ಮನೆಗೆ ಬಂದ ಅತಿಥಿಯಂತೆ ಕಂಡಿತು. ಹಿಂದಿನ ಯಂತ್ರ ಕೊಟ್ಟದ್ದು ಮುಂದಿನದಕ್ಕೆ ತಿಳಿಯದು.

ಹೊಟ್ಟೆ ಬಿರಿಯುವಂತಾಯಿತು. ನಿಷ್ಠುರವಾಗಿ ಸಾಕೆಂದು ಕೈಬೀಸಿ ಹೊರಟುಬಿಡಬಹುದಿತ್ತು. ಆದರೆ ಅಂಗಡಿಗಳ ಮುಂದೆ ಜನ ಕುರ್ಚಿ ಹಾಕಿಕೊಂಡು ಕುಳಿತಿದ್ದರು.

“ಮಾಸ್ತರ್ರು ಕಲಿಸಿದ ವಿದ್ಯಾ ಹೊಳ್ಳಿ ಮಾಸ್ತರ್ರಿಗೇ ಬಂತು ನೋಡಲೇ!” ಎಂದು ಒಬ್ಬ ನಕ್ಕ.

“ಕುಡೀತಾರ ತಡೀಪಾ. ಅವರು ಒಲ್ಲೆ ಅಂದದ್ದು ಯಾವಾಗ ಕೇಳೀದಿ?” ಎಂದ ಇನ್ನೊಬ್ಬ.

ಈ ಮಾತು ಕಿವಿಗೆ ಬಿದ್ದ ಮೇಲೆ ಒಲ್ಲೆನೆನ್ನುವುದು ಹೇಗೆ? ಮಾಸ್ತರರು ಬೆನ್ನು ನೆಟ್ಟಗೆ ಮಾಡಿ, ಲೋಟವನ್ನು ಎತ್ತಿ, ಒಂದು ಹನಿಯನ್ನೂ ಚೆಲ್ಲದೆ ಕುಡಿದರು.

ಗ್ರಂಥಾಲಯದ ರಸ್ತೆಯನ್ನು ಮುಟ್ಟುವ ಹೊತ್ತಿಗೆ ಅವರ ತಲೆ ಸಿಡಿಯತೊಡಗಿತ್ತು. ಹೊಟ್ಟೆ ತೊಳಸುತ್ತಿತ್ತು. ಉಪನ್ಯಾಸದ ಮೊದಲ ವಾಕ್ಯವನ್ನು ನೆನಪಿಸಿಕೊಳ್ಳಲು ನೋಡಿದರೆ ಮಗ್ಗಿ ನೆನಪಾಯಿತು. ಹೆಜ್ಜೆ ಎಡಕ್ಕೆ ಇಟ್ಟರೆ ದೇಹ ಬಲಕ್ಕೆ ವಾಲಿತು. ಎದುರಿಗಿದ್ದ ಹಂಡೆವ್ವನ ದಾಹಮಾಪಕ ಇದನ್ನು ಕಂಡು ಬೆಚ್ಚಿತು. ತೂರಾಡುವ ನಡಿಗೆ, ತೊದಲುವ ನಾಲಗೆ: ಇದು ಘೋರ ದಾಹದ ಲಕ್ಷಣವೆಂದು ನಿರ್ಣಯಿಸಿ ಎರಡು ಲೋಟಗಳನ್ನು ಒಮ್ಮೆಗೇ ಮುಂದೊಡ್ಡಿತು, ಸಾಲದೆಂಬಂತೆ ಆಸುಪಾಸಿನ ಯಂತ್ರಗಳಿಗೂ ಕರೆ ಕಳುಹಿಸಿತು. ಮಾಸ್ತರರು ಕುಡಿದಷ್ಟೂ ತೂರಾಡಿದರು. ತೂರಾಡಿದಷ್ಟೂ ಯಂತ್ರಗಳು ಕುಡಿಸಿದವು.

ಸುತ್ತಲೂ ಹಂಡೆಗಳು ನೆರೆದವು. ಎಲ್ಲವೂ ಒಂದೇ ದನಿಯಲ್ಲಿ, “ತಗೋರಿ... ಹಂಗನಬ್ಯಾಡ್ರಿ... ನಮ್ಮಾಣಿ ಐತಿ,” ಎಂದು ಅಂಗಲಾಚತೊಡಗಿದವು. ಮಾಸ್ತರರು ಮಂಕಾದ ಕಣ್ಣುಗಳಿಂದ ಒಂದೊಂದನ್ನೇ ನೋಡಿದರು.

“ಗಿರಿಜಾ,” ಎಂದರು ಕಂಗಾಲಾಗಿ, “ನೀ ಇಷ್ಟು ಮಂದಿ ಯಾವಾಗ ಆದಿ?”

ಜನ ಗೊಳ್ಳೆಂದು ನಕ್ಕರು. ಮಾಸ್ತರರು ಒಂದು ಹಂಡೆಯ ಕಿವಿಯಂತಿದ್ದ ಹಿಡಿಕೆಯನ್ನು ಹಿಂಡಿ, “ಮನಿಪಾಠ ಮಾಡಿಲ್ಲ, ಬೆಂಚಿನ ಮ್ಯಾಲ ನಿಂದ್ರು!” ಎಂದು ಗದರಿ, ಹಾಗೆಯೇ ನೆಲಕ್ಕೆ ಕುಸಿದರು. ಕೈಕಾಲುಗಳು ಅದುರತೊಡಗಿದವು. ನಗು ಅಲ್ಲಿಗೇ ನಿಂತಿತು.

ಸನ್ಮಾನ ನೋಡಲೆಂದು ಹಿಂದಿನಿಂದ ಬರುತ್ತಿದ್ದ ಗಿರಿಜಮ್ಮ ಗುಂಪನ್ನು ಸೀಳಿಕೊಂಡು ಓಡಿಬಂದರು. ಬಿದ್ದ ಗಂಡನ ತುಟಿಗೆ ಒಂದು ಹಂಡೆವ್ವ ಇನ್ನೂ ಲೋಟ ಹಿಡಿದಿತ್ತು.

“ಸಾಕು! ಬ್ಯಾಡ!” ಎಂದು ಕೂಗಿದರು.

“ಹಂಗಂದ್ರ ಹೆಂಗ್ರೀ ಅಕ್ಕಾರ?” ಎಂದಿತು ಅವರದೇ ದನಿ.

“ಬ್ಯಾಡಂದೆ!”

“ಅರ್ಧ ಲೋಟ ಆದ್ರೂ.”

ತಮ್ಮ ದನಿಯೊಂದಿಗೆ ತಾವೇ ವಾದಿಸಿ ಗೆಲ್ಲಲಾಗದೆಂದು ಗಿರಿಜಮ್ಮನಿಗೆ ಹೊಳೆಯಿತು. ಮೂರನೆಯ ಸಲ ಬಾಯಿ ತೆರೆಯಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಎರಡೂ ಕೈಗಳಿಂದ ಹಂಡೆಯನ್ನು ಹಿಡಿದು ಬೋರಲು ಕೆಡವಿದರು. ನೀರು ರಸ್ತೆಯುದ್ದಕ್ಕೂ ಹರಿಯಿತು.

ಆಸ್ಪತ್ರೆಯಲ್ಲಿ ಡಾಕ್ಟರ್ ನದಾಫರು ನೆತ್ತರಿನ ಪರೀಕ್ಷೆಯ ಫಲಿತಾಂಶವನ್ನು ನೋಡಿ ಹುಬ್ಬು ಗಂಟಿಕ್ಕಿದರು. ಸುದ್ದಿ ಕೇಳಿ ಓಡಿಬಂದಿದ್ದ ಅಕ್ಷತಾ, “ಬಿಸಲು ಬಡದೈತೇನ್ರಿ? ನೀರು ಕಮ್ಮಿ ಬಿದ್ದೈತೇನು?” ಎಂದು ಕೇಳಿದಳು.

“ಕಮ್ಮಿ? ಹೆಚ್ಚಾಗೇತ್ರಿ ಮೇಡಂ. ನೆತ್ತರದಾಗ ಉಪ್ಪಿನ ಅಂಶ ಕುಸದು ಪಾತಾಳಕ್ಕ ಹೋಗೈತಿ.”

“ಹೆಚ್ಚಾದ ನೀರನ್ನ ಮೂತ್ರಪಿಂಡ ಹೊರಗ ಹಾಕತಾವಲ್ರಿ?”

“ಹಾಕತಾವು, ತಮ್ಮ ವೇಗದಾಗ. ಅದಕ್ಕಿಂತ ಜೋರಲೆ ಹೊಯ್ದ್ರ ಅವಾದ್ರೂ ಏನ್ ಮಾಡ್ಯಾವು? ಬೆವರಿನಾಗ ಉಪ್ಪು ಬ್ಯಾರೆ ಹೋಗಿತ್ತು. ಉಳದ ಉಪ್ಪು ನೀರಾಗ ತೆಳ್ಳಗಾತು. ಆಮ್ಯಾಲ ಆ ನೀರು ಜೀವಕೋಶದೊಳಗ ಹೊಕ್ಕು ಅವು ಉಬ್ಬತಾವು. ಕಾಲಿನ ಕೋಶ ಉಬ್ಬಿದ್ರ ಜಾಗಾ ಐತಿ. ಮೆದುಳಿನ ಸುತ್ತ ಬುರುಡಿ ಐತಿ, ಎಲ್ಲಿ ಹೋಗಬೇಕದು? ಅದಕ್ಕ ತಲಿನೋವು, ವಾಂತಿ, ಭ್ರಮಾ, ಕಡೀಕ ನಡುಕ. ಇನ್ನ ನಾಕ್ ಲೋಟ ಕುಡಿಸಿದ್ರ ನಾನೂ ಏನೂ ಮಾಡಾಕ ಆಗತಿದ್ದಿಲ್ಲ.”

ಅಕ್ಷತಾ ಗೋಡೆಗೆ ಒರಗಿದಳು. ಬಾಯಾರಿದವನೂ ತೂರಾಡುತ್ತಾನೆ, ನೀರು ಮಿತಿಮೀರಿದವನೂ ತೂರಾಡುತ್ತಾನೆ. ಅವಳ ಯಂತ್ರಕ್ಕೆ ಎರಡೂ ಒಂದೇ. ವಿಷವಲ್ಲವೆಂದು ತಾನೇ ನಕ್ಕದ್ದು ನೆನಪಾಗಿ ಅವಳ ಕಣ್ಣುಗಳು ತುಂಬಿದವು.

ಡಾಕ್ಟರರು ಉಪ್ಪಿನ ದ್ರಾವಣವನ್ನು ಎಚ್ಚರದಿಂದ ನಿಧಾನವಾಗಿ ಏರಿಸಿದರು, ಸಂಜೆಯಾಗುತ್ತಲೇ ಮಾಸ್ತರರು ಕಣ್ಣು ತೆರೆದು ಸುತ್ತಲೂ ನೋಡಿ, “ಭಾಷಣ ಹೆಂಗಾತು?” ಎಂದು ಕೇಳಿದರು.

“ಭಾಳ ಮನಸ್ಸಿಗೆ ಮುಟ್ಟುವಂಗ ಆತ್ರಿ,” ಎಂದರು ಗಿರಿಜಮ್ಮ, ಕಣ್ಣೊರೆಸಿಕೊಳ್ಳುತ್ತ.

ಮನೆಗೆ ಕಳುಹಿಸುವಾಗ ಡಾಕ್ಟರರು ಗಿರಿಜಮ್ಮನಿಗೆ ಕಟ್ಟಪ್ಪಣೆ ಮಾಡಿದರು: “ಅಮ್ಮಾರ, ಇನ್ನ ಇವರಿಗೆ ಒತ್ತಾಯ ಮಾಡೂಹಂಗಿಲ್ಲ. ಬ್ಯಾಡ ಅಂದ್ರ ಬ್ಯಾಡ. ನೀರಿಗೂ ಅಷ್ಟ, ಊಟಕ್ಕೂ ಅಷ್ಟ.”

ಅಕ್ಷತಾ ಕೂಡ ಉಪಚಾರಸೂತ್ರವನ್ನು ತಿದ್ದಿದಳು. ಕೊಟ್ಟದ್ದಕ್ಕೆ ಲೆಕ್ಕವಿಡಲು, ನೀರಿನ ಜೊತೆಗೆ ಉಪ್ಪು ಬೆರೆಸಿದ ಮಜ್ಜಿಗೆಯನ್ನೂ ತೋರಿಸಲು, ಮೊದಲ ‘ಬೇಡ’ವನ್ನೇ ಕೊನೆಯದೆಂದು ನಂಬಲು ಹಂಡೆವ್ವಗಳು ಕಲಿತವು. ಊರಿನಲ್ಲಿ ಗದ್ದಲವೆದ್ದಿತು. “ಒಂದ್ ಮಾತು ಬ್ಯಾಡ ಅಂದ್ರ ಮಾರಿ ತಿರುವಿಕೊಂಡು ಹೋಗತೈತಿ, ಎಂಥಾ ಸೊಕ್ಕು!” ಎಂದು ಜನ ಗೊಣಗಿದರು. ಆದರೆ ಬಿಸಿಲು ಗೊಣಗಾಟವನ್ನು ಕೇಳುವುದಿಲ್ಲ. ಕೆಲವು ದಿನ ಒಣಗಿದ ನಾಲಗೆಯಲ್ಲಿ ನಡೆದಾಡಿದ ಮೇಲೆ, ಛತ್ರಿಯ ಆ ಗೃಹಸ್ಥರೇ ಮೊದಲಿಗೆ ಅತ್ತಿತ್ತ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, “ಬೇಕವಾ,” ಎಂದು ಪಿಸುಗುಟ್ಟಿದರಂತೆ.

ಮಾಸ್ತರರು ಚೇತರಿಸಿಕೊಂಡು ಮೊದಲ ಸಲ ಅಡುಗೆಮನೆಯಲ್ಲಿ ಊಟಕ್ಕೆ ಕುಳಿತ ದಿನ ಗಿರಿಜಮ್ಮ ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ ಮಾಡಿದ್ದರು. ಎರಡು ರೊಟ್ಟಿ ಮುಗಿದವು. ಮೂರನೆಯದು ಹಂಚಿನ ಮೇಲೆ ಉಬ್ಬುತ್ತಿತ್ತು.

“ಇನ್ನೊಂದು ಹಾಕಲೇನ್ರಿ?”

“ಬ್ಯಾಡ,” ಎಂದರು ಮಾಸ್ತರರು, ತಟ್ಟೆಯನ್ನು ತುಸು ಮುಂದಕ್ಕೆ ಸರಿಸುತ್ತ.

ಗಿರಿಜಮ್ಮ ಡಾಕ್ಟರರ ಮಾತನ್ನು ನೆನೆದರು. ರೊಟ್ಟಿಯನ್ನು ಬುಟ್ಟಿಗೆ ಹಾಕಿ, ಎಣ್ಣೆಗಾಯಿಯ ಪಾತ್ರೆಗೆ ಮುಚ್ಚಳ ಮುಚ್ಚಿ, ಒಲೆ ಆರಿಸಿದರು.

ಮಾಸ್ತರರು ಕಾದರು. ಎರಡನೆಯ ಮಾತು ಬರಲಿಲ್ಲ. ಪಾತ್ರೆಯ ಕಡೆಗೆ ನೋಡಿದರು. ಹೆಂಡತಿಯ ಬೆನ್ನಿನ ಕಡೆಗೆ ನೋಡಿದರು. ಸಾವಿರ ಜನರ ಮುಂದೆ ನಿಂತು ಭಾಷಣ ಮಾಡಿದ ಬಾಯಿ ಒಂದು ಪದಕ್ಕಾಗಿ ಒದ್ದಾಡಿತು.

“ಗಿರಿಜಾ... ಇನ್ನೊಂದು ರೊಟ್ಟಿ ಬೇಕಾಗಿತ್ತು.”

ಗಿರಿಜಮ್ಮ ತಿರುಗಲಿಲ್ಲ. ಕೈಯಲ್ಲಿದ್ದ ಇಕ್ಕಳ ಹಾಗೆಯೇ ನಿಂತಿತು.

“ಏನಂದ್ರಿ?”

“ಎಣ್ಣೆಗಾಯಿನೂ ಸ್ವಲ್ಪ ಬೇಕಾಗಿತ್ತು,” ಎಂದರು ಮಾಸ್ತರರು, ತಪ್ಪು ಮಾಡಿದ ವಿದ್ಯಾರ್ಥಿಯಂತೆ ತಲೆ ತಗ್ಗಿಸಿ. “ನೀ ಮಾಡೂ ಎಣ್ಣೆಗಾಯಿ... ಮೊದಲಿಂದನೂ ನನಗ ಭಾಳ ಸೇರತೈತಿ.”

ಗಿರಿಜಮ್ಮ ಮತ್ತೆ ಒಲೆ ಹೊತ್ತಿಸಿ, ಹಿಟ್ಟಿನ ಬುಟ್ಟಿಯನ್ನು ಹತ್ತಿರಕ್ಕೆ ಎಳೆದುಕೊಂಡು ಹೊಸ ರೊಟ್ಟಿಯನ್ನೇ ಬಡಿಯಲು ಕುಳಿತರು. ರೊಟ್ಟಿ ಬಡಿಯುವ ಸದ್ದಿನ ನಡುವೆ ಒಮ್ಮೆ ಸೆರಗಿನಿಂದ ಮೂಗು ಒರೆಸಿಕೊಂಡ ಸದ್ದೂ ಕೇಳಿಸಿತು.

“ಇಷ್ಟು ವರ್ಷ ಬಾಯಿಗೆ ಏನಾಗಿತ್ರಿ ನಿಮಗ?” ಎಂದು ಅವರು ಬೈದರು. ಆ ಬೈಗುಳದ ದನಿ ಮಾತ್ರ ಯಾವ ಯಂತ್ರಕ್ಕೂ ಕಲಿಸಲಾಗದಂಥದಾಗಿತ್ತು.