ಬಿಳಿ ಮರಿ, ಹರಿದ ಕಿವಿ

"ಸತ್ತ ಮೇಲೆ ಇವನಿಗೆ ತೋರಿಸಿದ್ರಾ?"

ಬಡಗಿ ಆಡಿದ ಮೊದಲ ಮಾತೇ ಇದು. ಬನ್ನಿ ಇಲ್ಲ, ಕೂತ್ಕೊಳ್ಳಿ ಇಲ್ಲ. ಅವಳು ಬುಟ್ಟಿಯನ್ನು ಎದೆಗವಚಿಕೊಂಡು ಇನ್ನೂ ಬಾಗಿಲಲ್ಲೇ ನಿಂತಿದ್ದಳು.

ಬುಟ್ಟಿಯಲ್ಲಿದ್ದದ್ದು ಮಸಿ, ಹೆಸರಿಗೆ ತಕ್ಕ ಕಪ್ಪು ಮೊಲ. ಅದರ ಜೊತೆಗಾತಿ ಬೆಳ್ಳಿ, ಬಿಳಿ ಮೊಲ, ಸತ್ತು ಆರು ದಿನವಾಗಿತ್ತು. ಅಂದಿನಿಂದ ಮಸಿಗೆ ಅರೆಹೊಟ್ಟೆ. ನಿನ್ನೆ ರಾತ್ರಿಯಿಂದ ಹುಲ್ಲನ್ನು ಮೂಸಿಯೂ ನೋಡಿರಲಿಲ್ಲ. "ಮೊಲದ ಹೊಟ್ಟೆ ಒಂದ್ಸಲ ನಿಂತ್ರೆ ಮತ್ತೆ ಶುರುವಾಗೋದು ಕಷ್ಟ. ಬೇಗ ಒಂದು ಜೊತೆ ಹುಡುಕಿ" ಎಂದು ಪ್ರಾಣಿಗಳ ಡಾಕ್ಟರಮ್ಮ ಈ ವಿಳಾಸ, ಫೋನ್ ನಂಬರು ಕೊಟ್ಟು, ಬಡಗಿಗೂ ಫೋನಿನಲ್ಲಿ ಎಲ್ಲ ತಿಳಿಸಿದ್ದರು. ಜನ ಬೀದಿಗೆ ಬಿಟ್ಟ ಮೊಲಗಳನ್ನು ತಂದು, ತನ್ನ ಮರಗೆಲಸದ ಅಂಗಡಿಯ ಹಿಂದೆ ಸಾಕುವವನು ಈ ಬಡಗಿ.

"ತೋರಿಸ್ಲಿಲ್ಲ..." ಎಂದಳು. "ಆಸ್ಪತ್ರೆಯಲ್ಲೇ ಹೋಯ್ತು. ಟವೆಲ್ಲಲ್ಲಿ ಸುತ್ಕೊಂಡು ಬಂದು ಸೀದಾ ಹಿತ್ತಲಲ್ಲಿ ಮಣ್ಣು ಮಾಡಿದೆ. ಇವನು ನೋಡಿದ್ರೆ ಹೆದರ್ತಾನೆ ಅಂತ."

ಬಡಗಿ ತಲೆ ಅಲ್ಲಾಡಿಸಿದ. "ಸ್ವಲ್ಪ ಹೊತ್ತು ಪಕ್ಕದಲ್ಲಿ ಮಲಗಿಸಬೇಕಿತ್ತು. ಮೂಸಿದ್ರೆ ಇವಕ್ಕೆ ಗೊತ್ತಾಗತ್ತೆ. ಇಲ್ಲಾಂದ್ರೆ ಕಾಯ್ತಾನೇ ಇರ್ತವೆ."

ಗಾಯದ ಮೇಲೆ ಬರೆ ಎಳೆದಂತಾಯಿತು ಅವಳಿಗೆ. 'ನೀನೇ ಸಾಯಿಸ್ತಿದ್ದೀಯ ಅಂತಾನೆ ಇವನು...'

ಅವನಿಗೆ ಅವಳ ಮುಖ ಓದುವ ವಿದ್ಯೆ ಇರಲಿಲ್ಲ. ಒಂದು ಕಡ್ಡಿಯ ಸ್ಕ್ರೂ ಬಿದ್ದು ದಾರ ಸುತ್ತಿದ್ದ ಕನ್ನಡಕವನ್ನು ಮೂಗಿಗೇರಿಸಿ, ಒಂದು ಗೂಡು ತೋರಿಸಿದ. ಬೂದು ಬಣ್ಣದ ಮೊಲವೊಂದು ಗೋಡೆಗೆ ಮುಖ ಮಾಡಿ ಕೂತಿತ್ತು. ಎಡಗಿವಿ ಅರ್ಧಕ್ಕೇ ಹರಿದಿತ್ತು.

"ಅರೆಕಿವಿ. ಐದು ವರ್ಷ ಆಗಿರಬೇಕು. ರಟ್ಟಿನ ಡಬ್ಬಿಯಲ್ಲಿ ಹಾಕಿ ಬಸ್ ನಿಲ್ದಾಣದಲ್ಲಿ ಬಿಟ್ಟು ಹೋಗಿದ್ರು. ತುಂಬಾ ಸಾಧು. ಇವನಿಗೆ ಸರಿಹೋಗ್ತಾಳೆ."

ಐದು ವರ್ಷ. ಇನ್ನು ಎಷ್ಟು ದಿನ? ಮತ್ತೆ ಟವೆಲ್ಲು, ಮತ್ತೆ ಮಣ್ಣು...

"ಬೇಡ. ನನಗೆ ಮರಿ ಬೇಕು."

"ಮರಿ ನಿಮಗೆ ಬೇಕಾ, ಇವನಿಗೆ ಬೇಕಾ?"

ಅವಳು ಬುಟ್ಟಿ ಎತ್ತಿಕೊಂಡು ಹೊರಟುಬಿಟ್ಟಳು. ಹೋಗುವಾಗ ಬಾಗಿಲನ್ನು ಎಷ್ಟು ಜೋರಾಗಿ ಎಳೆದಳೆಂದರೆ, ಆ ಬಾಗಿಲನ್ನು ಮಾಡಿದವನೇ ಬೆಚ್ಚಿಬಿದ್ದ.

ಮಧ್ಯಾಹ್ನದ ಹೊತ್ತಿಗೆ ಮನೆಯಲ್ಲಿ ಬಿಳಿ ಮರಿ ಓಡಾಡುತ್ತಿತ್ತು. ಪೇಟೆಯ ಅಂಗಡಿಯಲ್ಲಿದ್ದ ಏಳು ಮರಿಗಳಲ್ಲಿ ಅವಳ ಕಣ್ಣಿಗೆ ಬಿದ್ದದ್ದು ಅದೊಂದೇ. ಅದೇ ಬಿಳುಪು, ಅದೇ ಗುಲಾಬಿ ಮೂಗು. ಬೆಳ್ಳಿಯೇ ಚಿಕ್ಕದಾಗಿ ತಿರುಗಿ ಬಂದಂತೆ.

ಮಸಿ ಅದನ್ನು ಕಂಡು ಒಮ್ಮೆಲೇ ಎದ್ದು ನಿಂತ. ಅವನು ಹತ್ತಿರ ಬಂದ, ಮೂಸಿದ... ಅಷ್ಟೇ. ತಿರುಗಿ ಮೂಲೆ ಸೇರಿದ. ಮರಿ ಆಟವೆಂದುಕೊಂಡು ಅವನ ಬೆನ್ನೇರಿತು. ಅವನು ಮಂಚದ ಕೆಳಗೆ ನುಗ್ಗಿದವನು ಮತ್ತೆ ಬರಲೇ ಇಲ್ಲ.

ಡಾಕ್ಟರಮ್ಮ ಕೊಟ್ಟ ಪುಡಿಯನ್ನು ನೀರಲ್ಲಿ ಕಲಸಿ, ಸಿರಿಂಜಿನಲ್ಲಿ ಕುಡಿಸಲು ನೋಡಿದಳು. ಹಿಡಿದರೆ ಕುಡಿಸಲು ಕೈಯಿಲ್ಲ, ಕುಡಿಸಿದರೆ ಹಿಡಿಯಲು ಕೈಯಿಲ್ಲ. ಕನ್ನಡಕದ ಅಂಗಡಿಯಲ್ಲಿ ದಿನವಿಡೀ ಸಾಸಿವೆಯಷ್ಟು ಸ್ಕ್ರೂ ತಿರುಗಿಸುವ ಅವಳ ಬೆರಳಿಗೂ ಇದು ಬಗ್ಗಲಿಲ್ಲ. ಕುಡಿಸಿದ್ದೆಲ್ಲ ಮಸಿಯ ಗಲ್ಲದಿಂದ ಸುರಿದು ಅವಳ ಮಡಿಲು ಒದ್ದೆಯಾಯಿತು.

"ಅಮ್ಮಾ... ನನ್ನ ಕೈಯಲ್ಲಿ ಆಗ್ತಿಲ್ಲ."

ಮೊಲ ಹಿಡಿಯುವಷ್ಟು ಶಕ್ತಿ ಅಮ್ಮನ ಕೈಗಿರಲಿಲ್ಲ; ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. "ಅವನನ್ನ ಕರಿ."

"ಯಾರನ್ನ?"

"ಬಂದಾಗಿಂದ ಬೈತಾ ಇದ್ದೀಯಲ್ಲ, ಅವನನ್ನೇ."

ಮರಿ ತಂದು ಮೂರು ಗಂಟೆಯೂ ಆಗಿರಲಿಲ್ಲ. ಯಾವ ಮುಖ ಇಟ್ಟುಕೊಂಡು ಕರೆಯುವುದು? ಆದರೂ ಫೋನ್ ಮಾಡಿ ಕರೆದಳು. ಅವನು ತಲೆಯಲ್ಲಿದ್ದ ಮರದ ಹೊಟ್ಟನ್ನೂ ಕೊಡವದೆ ಬಂದ. ಕೈಯಲ್ಲಿ ಅರೆಕಿವಿಯ ಪೆಟ್ಟಿಗೆ. ಬಿಳಿ ಮರಿಯನ್ನು ನೋಡಿದ, ಏನೂ ಹೇಳಲಿಲ್ಲ. ಆ ಮೌನಕ್ಕೆ ಅವಳು ಮನಸ್ಸಿನಲ್ಲೇ ಕೈ ಮುಗಿದಳು.

ಅವನು ಮಸಿಯನ್ನು ಬಟ್ಟೆಯಲ್ಲಿ ಸುತ್ತಿ ಹಿಡಿದ, ಅವಳು ಹನಿ ಹನಿಯಾಗಿ ಕುಡಿಸಿದಳು. ಅರ್ಧ ಸಿರಿಂಜು ಒಳಗೆ ಹೋಯಿತು.

"ಉಳೀತಾನಾ?"

"ಗೊತ್ತಿಲ್ಲ. ಬೆಳ್ಳಿಯನ್ನ ಸುತ್ತಿದ ಟವೆಲ್ಲು ಒಗೆದುಬಿಟ್ರಾ?"

ಅವಳ ಮುಖ ಕೆಂಪಾಯಿತು. ಒಳಗೆ ಹೋಗಿ ತನ್ನ ದಿಂಬಿನ ಕೆಳಗಿಂದ ಟವೆಲ್ಲನ್ನು ತಂದಳು. "ಒಗೆಯೋಕೆ ಮನಸ್ಸು ಬರಲಿಲ್ಲ. ಒಂದು ಮೊಲಕ್ಕೆ ಇಷ್ಟು ಮಾಡ್ತಾಳೆ ಅಂತ ನಗ್ಬೇಡಿ. ಅಂಗಡಿಯಲ್ಲಿ ಎಲ್ಲರೂ ನಕ್ಕಾಯ್ತು."

"ನಾನೆಲ್ಲಿ ನಕ್ಕೆ?"

ಅವನು ಟವೆಲ್ಲನ್ನು ನೆಲದಲ್ಲಿ ಹಾಸಿದ. ಮಸಿ ಬಂದ. ತುಂಬಾ ಹೊತ್ತು ಮೂಸಿದ. ಅಂಚನ್ನು ನೆಕ್ಕಿದ, ಮೂಗಿನಿಂದ ತಳ್ಳಿದ, ಎಬ್ಬಿಸುವವನಂತೆ ಮತ್ತೆ ತಳ್ಳಿದ. ಆಮೇಲೆ ಅದರ ಮೇಲೆ ಗಲ್ಲವಿಟ್ಟು ಮಲಗಿಬಿಟ್ಟ. ಅವಳಿಗೆ ತಡೆಯಲಾಗಲಿಲ್ಲ, ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು.

"ಬೆಳಿಗ್ಗೆ ನಿಮ್ಮನ್ನ ದೂರಿದ್ದಲ್ಲ," ಎಂದ ಅವನು, ನೆಲ ನೋಡುತ್ತಾ. "ನನ್ನಮ್ಮ ಹೋದಾಗ ನಾನು ಕೆಲಸಕ್ಕೆ ಅಂತ ದೂರ ಇದ್ದೆ. ಬರೋಷ್ಟರಲ್ಲಿ ಎಲ್ಲಾ ಮುಗಿಸಿದ್ರು. ನಾನು ನೋಡಿದ್ರೆ ತಡ್ಕೊಳಲ್ಲ ಅಂತ. ಒಂಬತ್ತು ವರ್ಷ ಆಯ್ತು. ಈಗಲೂ ಮನೆಗೆ ಬಂದು ಚಪ್ಪಲಿ ಬಿಡುವಾಗ 'ಅಮ್ಮಾ' ಅಂತೀನಿ. ಅದಕ್ಕೇ ಬಂದವರನ್ನೆಲ್ಲ ತೋರಿಸಿದ್ರಾ ಅಂತ ಕೇಳ್ತೀನಿ. ಕೆಟ್ಟ ಚಾಳಿ."

ಇಷ್ಟು ಹೊತ್ತು ಅವನ ಮೇಲಿದ್ದ ಸಿಟ್ಟನ್ನು ಎಲ್ಲಿಡಬೇಕೆಂದು ಅವಳಿಗೆ ತಿಳಿಯಲಿಲ್ಲ. ಸುಮ್ಮನೆ ನೀರು ತಂದುಕೊಟ್ಟಳು.

ಅವನು ಅರೆಕಿವಿಯನ್ನು ಕೆಳಗಿಳಿಸಿ, ಎರಡರ ನಡುವೆ ಜಾಲರಿ ನಿಲ್ಲಿಸಿದ. ಅರೆಕಿವಿ ಎಂದಿನಂತೆ ಗೋಡೆಗೆ ಮುಖ ಮಾಡಿದಳು. ಮಸಿ ಈ ಕಡೆ, ಅವಳು ಆ ಕಡೆ. ಮೂರು ದಿನ ಇದೇ. ದಿನಕ್ಕೆ ಮೂರು ಸಲ ಅವನು ಬರುವುದು, ಹಿಡಿಯುವುದು, ಅವಳು ಕುಡಿಸುವುದು. ಮಸಿ ಬದುಕುತ್ತಲೂ ಇಲ್ಲ, ಸಾಯುತ್ತಲೂ ಇಲ್ಲ. ಇಬ್ಬರೂ ಕೈಲಾಗದವರಂತೆ ನೆಲದಲ್ಲಿ ಕೂತು ನೋಡುವುದು.

ನಾಲ್ಕನೇ ದಿನ ಬೆಳಿಗ್ಗೆ ಮಸಿ ಟವೆಲ್ಲು ಬಿಟ್ಟು ಎದ್ದ. ಜಾಲರಿಗೆ ಒರಗಿ ಕೂತ. ಸ್ವಲ್ಪ ಹೊತ್ತಿಗೆ ಆ ಕಡೆಯಿಂದ ಅರೆಕಿವಿಯೂ ಗೋಡೆ ಬಿಟ್ಟು ಬಂದು, ಬೆನ್ನಿಗೆ ಬೆನ್ನು ಕೊಟ್ಟು ಕೂತಳು. ಆಮೇಲೆ ಮಸಿ ಒಂದೇ ಒಂದು ಕೊತ್ತಂಬರಿ ಎಲೆ ತಿಂದ.

ಅವಳು ಬಡಗಿಯ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದು ಇಬ್ಬರಿಗೂ ತಡವಾಗಿ ಗೊತ್ತಾಯಿತು.

"ಮೂರನ್ನೂ ಒಟ್ಟಿಗಿಡಬೇಡಿ, ಮಸಿ ತಡ್ಕೊಳಲ್ಲ ಅಂತ ಡಾಕ್ಟರಮ್ಮ ಹೇಳಿದ್ರು," ಎಂದಳು.

"ಒಂದನ್ನ ನಾನು ಕರ್ಕೊಂಡು ಹೋಗ್ತೀನಿ. ಯಾವುದು ಅಂತ ನೀವೇ ಹೇಳಿ."

ಅವಳು ಮರಿಯನ್ನು ಎತ್ತಿಕೊಂಡಳು. ಅಂಗೈ ತುಂಬ ಬಿಸಿ, ಬಿಳಿ ಜೀವ. ಬಿಟ್ಟುಕೊಟ್ಟರೆ ಬೆಳ್ಳಿ ನಿಜವಾಗಿ ಹೋದಂತೆ. ಆದರೆ ಮಸಿಗೆ ಗೊತ್ತಾದದ್ದು ಅವಳಿಗೂ ಗೊತ್ತಿತ್ತು.

"ಇದು ಬೆಳ್ಳಿ ಅಲ್ಲ," ಎಂದಳು ಮೆಲ್ಲಗೆ, ಮರಿಯನ್ನು ಅವನ ಕೈಗಿಡುತ್ತಾ. "ಇದಕ್ಕೆ ಆಟ ಆಡೋ ಮನೆ ಹುಡುಕಿ."

"ಹುಡುಕ್ತೀನಿ."

"ಅರೆಕಿವಿನೂ ಹೋಗ್ತಾಳಲ್ವಾ... ಒಂದಿನ?"

"ಹೋಗ್ತಾಳೆ." ಅವನಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ.

"ಆಗ ನಾನೇನು ಮಾಡ್ಲಿ?"

"ಆಗ ನಾನಿರ್ತೀನಿ. ಮಸಿ ಪಕ್ಕದಲ್ಲಿ ಅವಳನ್ನ ಮಲಗಿಸಿ, ನಾವಿಬ್ರೂ ಕೂತಿರೋಣ. ಇನ್ಮೇಲೆ ನೀವೊಬ್ರೇ ಮಣ್ಣು ಅಗೆಯೋದು ನನಗೆ ಬೇಡ." ಅವನ ದನಿ ಸಣ್ಣಗಾಯಿತು. "ಮೊಲ ಇಲ್ದಿದ್ರೂ ಬರ್ತೀನಿ. ನೀವು ಬೇಡ ಅಂದ್ರೆ ಇಲ್ಲ."

ಅವಳು ಕೈ ಚಾಚಿ ಅವನ ಮುಖದಿಂದ ಕನ್ನಡಕ ತೆಗೆದಳು. ದಾರ ಬಿಚ್ಚಿ, ಸೆರಗಿನ ಗಂಟಿನಿಂದ ಸಣ್ಣ ಸ್ಕ್ರೂ ತೆಗೆದಳು. ಅವನು ಮನೆಗೆ ಬಂದ ಮೊದಲ ದಿನವೇ ಕಣ್ಣಲ್ಲೇ ಅಳತೆ ನೋಡಿ ಅಂಗಡಿಯಿಂದ ತಂದಿಟ್ಟದ್ದು.

"ಅದಿಲ್ದೆ ನನಗೆ ದೂರದ್ದೇನೂ ಕಾಣಲ್ಲ," ಎಂದ ಅವನು.

"ಹತ್ರ ಇರೋದು?"

"ಕಾಣತ್ತೆ."

"ಸದ್ಯಕ್ಕೆ ಅದನ್ನೇ ನೋಡ್ಕೊಂಡಿರಿ," ಎಂದಳು ಅವಳು, ತಲೆ ಎತ್ತದೆ. "ಬೇಡ ಅಂತ ನಾನೆಲ್ಲಿ ಅಂದೆ?"