ಗೆಣ್ಣಿನಲ್ಲಿ ಪ್ರಾಣವಿಟ್ಟ ಮಾಂತ್ರಿಕ

ಬಹಳ ಕಾಲದ ಹಿಂದೆ ತೊರೆನಾಡು ಅಂತ ಒಂದು ರಾಜ್ಯವಿತ್ತು. ಅದನ್ನಾಳುತ್ತಿದ್ದ ಬೀಗುರಾಯ ಎಂಬ ಮೂರ್ಖನಿಗೆ ಎಲ್ಲವೂ ಹಸಿರಾಗಿ ಕಾಣಬೇಕು, ಅದೂ ನಾಳೆ ಬೆಳಗಾಗುವುದರೊಳಗೆ! ಈ ಹುಚ್ಚು ತಿಳಿದ ಮಾಂತ್ರಿಕನೊಬ್ಬ ದೂರದೇಶದ ಮಾಯದ ಹುಲ್ಲು ತಂದು ಹೊಳೆದಂಡೆಗೆ ನೆಟ್ಟ. ಎಂದೂ ಬಾಡದ ಆ ಹುಲ್ಲಿನ ಕಡ್ಡಿಯೊಂದನ್ನು ರಾಜ ಪೇಟಕ್ಕೆ ಸಿಕ್ಕಿಸಿಕೊಂಡು ಮೆರೆದ. ವರ್ಷದೊಳಗೆ ಹುಲ್ಲು ದಂಡೆಯ ಹೊಂಗೆ, ಅತ್ತಿ, ಜೊಂಡು ಎಲ್ಲ ನುಂಗಿತು. ಆಮೇಲೆ ಹೊಳೆಯನ್ನೇ ನುಂಗಿತು.

ಜೊಂಡಿನ ಚಾಪೆ ಹೆಣೆಯುವ ದ್ಯಾವೀರಿಯ ಗಂಡ ಕೆಂಚ ಮೀನು ಹಿಡಿಯುವವನು. ನೀರು ಹುಡುಕಿಕೊಂಡು ಹೋದ ಅವನನ್ನು ಹುಲ್ಲು ಬೇರಿನಡಿಗೆ ಎಳೆದುಕೊಂಡಿತು. ನೆಲಕ್ಕೆ ಕಿವಿಯಿಟ್ಟರೆ ಅವನ ದನಿ ಕೇಳುತ್ತಿತ್ತು: "ದ್ಯಾವೀರಿ, ಬಿಡಿಸೇ!"

ದ್ಯಾವೀರಿ ಅಳಲಿಲ್ಲ. ಅವಳ ಮೈಯೆಲ್ಲ ಉರಿದುಹೋಯಿತು. ಕುಡುಗೋಲು ಹಿಡಿದು ಊರವರನ್ನು ಕರೆದಳು. ಎಲ್ಲರೂ ಹುಲ್ಲು ಕೊಯ್ದು ಅಲ್ಲೇ ಬಿಸಾಡಿದರು, ಗೆದ್ದೆವೆಂದು ಡೊಳ್ಳು ಬಡಿದು ಕುಣಿದರು. ಇವರಿಗೆ ಏನು ಹೇಳೋಣ! ಮರುದಿನ ಕೊಯ್ದ ಕಡ್ಡಿಗಳ ಒಂದೊಂದು ಗೆಣ್ಣೂ ಬೇರು ಬಿಟ್ಟಿತ್ತು. ಮಾಂತ್ರಿಕ ಹುಲ್ಲಿನ ಮೇಲೆ ಕೂತು ನಕ್ಕ.

ಎರಡನೆಯ ಸಲ ಬೆಂಕಿ ಇಟ್ಟರು. ದಂಡೆ ಕರ್ರಗಾಯಿತು. ಮತ್ತೆ ಕುಣಿದರು! ಒಂದು ಮಳೆ ಬಂತು, ಬೂದಿ ತಿಂದು ಹುಲ್ಲು ಆಳೆತ್ತರ ಎದ್ದಿತು. ಮಾಂತ್ರಿಕ ಇನ್ನೂ ಜೋರಾಗಿ ನಕ್ಕ.

"ಕುಣೀರಿ, ಚೆನ್ನಾಗಿ ಕುಣೀರಿ! ನಾಚಿಕೆ ಆಗಲ್ವಾ ನಿಮಗೆ?" ದ್ಯಾವೀರಿ ಊರವರ ಮೇಲೆ ಹರಿಹಾಯ್ದಳು. "ದಂಡೆ ಬರಿದು ಮಾಡಿ ಮನೆಗೆ ಹೋಗ್ತೀರಿ. ಖಾಲಿ ಜಾಗ ಸಿಕ್ಕಿದರೆ ಅವನು ಬರದೇ ಇರ್ತಾನಾ? ಕೊಯ್ದರೂ ಸುಟ್ಟರೂ ಹುಲ್ಲು ಗೆಣ್ಣಿಂದಲೇ ಚಿಗುರುತ್ತೆ, ಅವನ ಪ್ರಾಣ ಇರೋದು ಗೆಣ್ಣಿನಲ್ಲಿ. ಒಂದೂ ಉಳೀಬಾರದು!"

ಮೂರನೆಯ ಸಲ ಬೇರುಸಹಿತ ಅಗೆದರು. ಗೆಣ್ಣುಗಳನ್ನು ಬಂಡೆಯ ಮೇಲೆ ಗರಿಗರಿಯಾಗಿ ಒಣಗಿಸಿದರು. ಹುಲ್ಲು ಕಿತ್ತ ಜಾಗದಲ್ಲಿ ಅಂದೇ, ಬೆಟ್ಟದ ಝರಿಯಿಂದ ತಂದ ಸಸಿ ನೆಟ್ಟರು. ನೀರಂಚಿಗೆ ಜೊಂಡು, ಮೇಲೆ ಅತ್ತಿ, ಹೊಂಗೆ. ಮೂರು ಮಳೆಗಾಲ ದಿನಾ ಕಳೆ ಕಿತ್ತರು. ನೆರಳು ಹಬ್ಬಿತು, ಅಳಿದುಳಿದ ಹುಲ್ಲು ಬಿಳಿಚಿಕೊಂಡಿತು, ಮಾಂತ್ರಿಕ ಹೆಬ್ಬೆರಳಷ್ಟಾದ. ಪಾದ ಮುಳುಗುವಷ್ಟು ನೀರೂ ಬಂತು. ಕೆಂಚ ಮಾತ್ರ ಬರಲಿಲ್ಲ.

"ಇನ್ನೂ ಒಂದು ಗೆಣ್ಣು ಇದೆ ಕಣೇ!" ಎಂದು ನೆಲದೊಳಗಿಂದ ಕೂಗಿದ. ದಂಡೆಯನ್ನೆಲ್ಲ ಜಾಲಾಡಿದರೂ ಸಿಗಲಿಲ್ಲ.

ಅಷ್ಟರಲ್ಲಿ ಪಲ್ಲಕ್ಕಿಯಲ್ಲಿ ಬಂದ ಬೀಗುರಾಯ, "ಆಹಾ, ನಮ್ಮ ಹೊಳೆ ಎಷ್ಟು ಚೆನ್ನಾಗಿದೆ!" ಅಂದ. ಅವನ ಪೇಟದಲ್ಲಿ ಹಸಿರು ಕಡ್ಡಿ ಅಲ್ಲಾಡುತ್ತಿತ್ತು. ದ್ಯಾವೀರಿ ಹಾರಿ ಪೇಟ ಕಿತ್ತುಕೊಂಡಳು.

"ಏಯ್! ರಾಜನ ಪೇಟಕ್ಕೆ ಕೈ ಹಾಕ್ತೀಯಾ?" ಬೀಗುರಾಯ ಅರಚಿದ.

"ನನ್ನ ಗಂಡ ಮಣ್ಣಲ್ಲಿದ್ದಾನೆ, ನೀವು ಇದನ್ನ ತಲೆ ಮೇಲೆ ಹೊತ್ಕೊಂಡು ಮೆರೀತಿದ್ದೀರಿ! ಥೂ!"

ಅವಳು ಆ ಕಡ್ಡಿಯ ಗೆಣ್ಣನ್ನು ಬಂಡೆಯ ಮೇಲಿಟ್ಟು ಕಲ್ಲಿನಿಂದ ಜಜ್ಜಿದಳು. ಮಾಂತ್ರಿಕ ಹೊಟ್ಟಾಗಿ ಹಾರಿಹೋದ. ಹೊಳೆ ಉಕ್ಕಿ ಬಂತು, ಹೆಗಲ ಮೇಲೆ ಬಲೆ ಹೊತ್ತ ಕೆಂಚ ಕೆಮ್ಮುತ್ತ ಮೇಲೆದ್ದ. ಅಷ್ಟು ದಿನ ಅಳದಿದ್ದ ದ್ಯಾವೀರಿ ಅವನ ಎದೆಗೆ ಎರಡು ಗುದ್ದಿ, ಗೊಳೋ ಅಂತ ಅತ್ತಳು.

ಆಮೇಲೆ ತೊರೆನಾಡಿನಲ್ಲಿ ಎಲ್ಲರೂ ಸುಖವಾಗಿದ್ದರು. ಬೀಗುರಾಯನೂ ಸುಖವಾಗಿಯೇ ಇದ್ದ. ಆದರೆ ಪ್ರತಿ ಮಳೆಗಾಲ ಬರಿದಲೆಯಲ್ಲಿ ದಂಡೆಗೆ ಬಂದು, ದ್ಯಾವೀರಿಯ ಕಣ್ಣೆದುರೇ ಕಳೆ ಕೀಳಬೇಕಿತ್ತು.