ಬೋರ್ಡು ಓದುವ ಮಾಸ್ತರರು

ಧಾರವಾಡದ ಒಂದು ಆಸ್ಪತ್ರೆಯಲ್ಲಿ, ಗಾಜಿನ ಪೆಟ್ಟಿಗೆಯೊಳಗೆ ಶಿವಪುತ್ರ ಮಾಸ್ತರರ ಹೃದಯ ಬೆಳಕಿನ ರೂಪದಲ್ಲಿ ಮಿಡಿಯುತ್ತಿತ್ತು. ಅದನ್ನು ತೋರಿಸುವ ಯಂತ್ರದ ಹೆಸರು ಪ್ರತಿಹೃದಯ. ರೋಗಿಯ ಹೃದಯದ ಪಡಿಯಚ್ಚನ್ನು ಕಟ್ಟುವುದು ಅದರ ಕೆಲಸ. ಹೃದಯದ ಮೇಲಿನ ಕೋಣೆಗಳಲ್ಲಿ ದಾರಿ ತಪ್ಪಿದ ವಿದ್ಯುತ್ತು ಎಬ್ಬಿಸುವ ನಡುಕಕ್ಕೆ ಹೃತ್ಕರ್ಣ ಕಂಪನ ಎನ್ನುತ್ತಾರೆ; ಮಾಸ್ತರರಿಗಿದ್ದುದು ಅದೇ. ಆ ದಾರಿಗಳನ್ನು ಸುಟ್ಟು ಮುಚ್ಚುವ ದಹನ ಚಿಕಿತ್ಸೆಯನ್ನು ಯಂತ್ರ ಮೊದಲು ಪಡಿಯಚ್ಚಿನ ಮೇಲೆ ಮಾಡಿ ನೋಡುತ್ತಿತ್ತು. ಮಾಸ್ತರರ ಪಡಿಯಚ್ಚಿನಲ್ಲಿ ಆ ದಾರಿಗಳನ್ನು ಸುಟ್ಟೊಡನೆ ಮಿಡಿತ ಲಯಕ್ಕೆ ಬಂತು.

ಆದರೂ ತೆರೆಯ ಮೇಲೆ ತೀರ್ಪು ಮೂಡಿತು: ‘ಚಿಕಿತ್ಸೆಗೆ ಸೂಕ್ತರಲ್ಲ.’

ಮಾಸ್ತರರ ಹೆಂಡತಿ ನೀಲಾಂಬಿಕಾ ತೆರೆಯ ಹತ್ತಿರ ಬಂದಳು. “ಯಾಕ್ರೀ ಡಾಕ್ಟ್ರ? ಈಗಷ್ಟ ಸರಿಹೋತಲ್ಲ?”

“ಚಿಕಿತ್ಸಾದಾಗೂ ಅಪಾಯ ಅದರಿ,” ಎಂದರು ಡಾಕ್ಟರ್ ನಸೀಮಾ. “ತ್ರಾಸು ಕಡಿಮಿ ಆಗ್ಲಿ ಅಂತ ಮಾಡೋದು. ತ್ರಾಸ ಇಲ್ಲಂದ್ರ ಸುಡೋದು ಯಾತಕ್ಕ? ಯಂತ್ರ ಕೇಳಿದ್ದಕ್ಕೆಲ್ಲಾ ಮಾಸ್ತರು ಆರಾಮ ಅದೀನಿ ಅಂದಾರ.”

ಯಂತ್ರ ಬಹಳ ವಿನಯದಿಂದ ಕೇಳಿತ್ತು. ಅಷ್ಟು ವಿನಯದಿಂದ ಹೇಗಿದ್ದೀರಿ ಎಂದವರ ಮುಂದೆ ನೋವು ತೋಡಿಕೊಳ್ಳುವುದು ಮಾಸ್ತರರ ಜಾಯಮಾನವಲ್ಲ. ಎಲ್ಲದಕ್ಕೂ “ನಿಮ್ಮ ಆಶೀರ್ವಾದ, ಆರಾಮ” ಎಂದು ಯಂತ್ರಕ್ಕೇ ಕೈ ಮುಗಿದಿದ್ದರು.

ಹೊರಗಿನವರ ಮುಂದೆ ನೀಲಾಂಬಿಕಾ ಎಂದೂ ಗಂಡನ ಮಾತು ಮುರಿದವಳಲ್ಲ. ಈಗ ಮುರಿದಳು.

“ಸುಳ್ಳರಿ. ಪ್ಯಾಟಿಗೆ ಹೊಂಟ್ರ ಅಂಗಡಿ ಅಂಗಡಿ ಮುಂದ ನಿಂತು ಬೋರ್ಡು ಓದ್ತಾರ. ಸಲೂನು, ಪಂಕ್ಚರ್ ಅಂಗಡಿ, ಯಾವುದೂ ಬಿಡಂಗಿಲ್ಲ. ಮೊದಲ ಹಿಂಗ ಇದ್ದಿಲ್ಲ.”

“ಏ, ನಾ ಡ್ರಾಯಿಂಗ್ ಮಾಸ್ತರ. ಅಕ್ಷರದ ಸೊಗಸು ನೋಡ್ತೀನಿ.”

“ಅಕ್ಷರ ನೋಡಾಕ ಎದಿ ಯಾಕ ಹಿಡ್ಕೋಬೇಕರಿ?”

ನಸೀಮಾ ನಗಲಿಲ್ಲ. ಕುರ್ಚಿ ಎಳೆದುಕೊಂಡು ಎದುರು ಕೂತರು. “ಆರಾಮದ ಮಾತು ಬಿಡ್ರಿ ಸರ. ಎಷ್ಟನೇ ಅಂಗಡಿಗೆ ದಮ್ಮು ಹತ್ತತದ?”

ಮಾಸ್ತರರು ನೆಲ ನೋಡಿದರು. “ಎರಡನೇದಕ್ಕ.”

ಚಿಕಿತ್ಸೆ ನಡೆಯಿತು. ‘ದಾರಿಯಲ್ಲಿ ಎಲ್ಲೆಲ್ಲಿ ನಿಲ್ಲುತ್ತೀರಿ?’ ಎಂಬ ಹೊಸ ಪ್ರಶ್ನೆಯೊಂದು ಯಂತ್ರಕ್ಕೂ ಸೇರಿತು. ಆ ಯಂತ್ರವನ್ನು ಕಟ್ಟಿದವರನ್ನೂ, ಅದು ಹೇಳಿದ್ದನ್ನು ಅಷ್ಟಕ್ಕೇ ಬಿಡದ ಡಾಕ್ಟರರನ್ನೂ ನೀಲಾಂಬಿಕಾ ದೀಪ ಹಚ್ಚುವಾಗಲೆಲ್ಲ ನೆನೆದಳು.

ಕೆಲವು ತಿಂಗಳ ಮೇಲೆ ಇಬ್ಬರೂ ಪೇಟೆಗೆ ಹೊರಟರು. ಮಾಸ್ತರರು ಒಂದೂ ಬೋರ್ಡು ನೋಡದೆ ನಡೆದರು. ಹಿಂದೆ ಬರುತ್ತಿದ್ದ ಹೆಜ್ಜೆ ಸಪ್ಪಳ ನಿಂತಿತು. ತಿರುಗಿ ನೋಡಿದರೆ, ನೀಲಾಂಬಿಕಾ ಹೊಲಿಗೆ ಅಂಗಡಿಯ ಬೋರ್ಡಿನತ್ತ ಮುಖವೆತ್ತಿ ನಿಂತಿದ್ದಳು. ಇಷ್ಟು ದಿನ ಗಂಡನಿಗಾಗಿಯೇ ನಿಧಾನ ನಡೆಯುತ್ತಿದ್ದೇನೆ ಎಂದು ಅವಳು ನಂಬಿದ್ದಳು.

“ಏನಾತ?”

“ಏನಿಲ್ಲರಿ. ಆರಾಮ ಅದೀನಿ.”

ಮಾಸ್ತರರು ಹಿಂದಿರುಗಿ ಬಂದು ಅವಳ ಕೈಚೀಲ ತೆಗೆದುಕೊಂಡರು.

“ನಡಿ, ಆ ಯಂತ್ರದ ಹತ್ರ ಹೋಗೂಣು. ಈ ಸಲ ನಿನ್ನ ಉತ್ತರ ನಾ ಹೇಳ್ತೀನಿ.”